ನಮ್ಮ ಬರಹಗಾರರ ಕೂಟದಲ್ಲಿ 14 ತಿಂಗಳು

ಮುದುಕನೊಬ್ಬ ಸಂಜೆ ರೇಡಿಯೋ ಹಾಕುತ್ತಾನೆ. ಹಾಕಿದವನು ಅದನ್ನು ಪಕ್ಕದ ಖಾಲಿ ಕುರ್ಚಿಯ ಕಡೆಗೆ ತಿರುಗಿಸಿ ಇಡುತ್ತಾನೆ. ಹೆಂಡತಿ ತೀರಿಹೋಗಿ ಆರು ತಿಂಗಳಾಗಿದೆ. ಅವಳಿಗೆ ಕಿವಿ ಸ್ವಲ್ಪ ಮಂದವಿತ್ತು.

ಇದು ನನ್ನ ಕತೆಯ ಒಂದು ಭಾಗ. ಇದರ ಬೆನ್ನಿಗೇ ಇನ್ನೂ ಮೂರು ಸಾಲು ಬರೆದಿದ್ದೆ. ಅವನಿಗೆ ಎಷ್ಟು ದುಃಖವಾಗಿತ್ತು, ಮನೆ ಹೇಗೆ ಬಿಕೋ ಅನ್ನುತ್ತಿತ್ತು ಅಂತ. ಕೂಟದಲ್ಲಿ ಓದಿ ಮುಗಿಸಿದಾಗ ಹಿರಿಯರೊಬ್ಬರು ಹೇಳಿದರು: "ಮೇಡಂ, ರೇಡಿಯೋ ಆ ಕಡೆ ತಿರುಗಿಸ್ತಾನಲ್ಲ, ಅಲ್ಲೇ ನನಗೆಲ್ಲಾ ಗೊತ್ತಾಯ್ತು. ಆಮೇಲೆ ಮತ್ಯಾಕೆ ಹೇಳ್ತೀರಿ?"

ಆ ಕತೆ ನಾಲ್ಕು ವರ್ಷ ನನ್ನ ಬಳಿ ಇತ್ತು. ಎಷ್ಟು ಸಲ ತಿದ್ದಿದ್ದೆನೋ ಲೆಕ್ಕವಿಲ್ಲ. ಆ ಮೂರು ಸಾಲು ಹೆಚ್ಚು ಅನ್ನುವುದು ನನಗೆ ಒಂದು ಸಲವೂ ಕಂಡಿರಲಿಲ್ಲ. ಕೂಟಕ್ಕೆ ಸೇರಿ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಬರೆದವರ ತಲೆಯಲ್ಲಿ ಕತೆ ಪೂರ್ತಿ ಇರುತ್ತದೆ. ಕಾಗದದ ಮೇಲೆ ಎಷ್ಟು ಇಳಿದಿದೆ ಎಂಬುದು ಬೇರೆಯವರು ಓದಿದಾಗಲೇ ತಿಳಿಯುವುದು.

ಕೂಟ ನಡೆಯುವ ರೀತಿ ಸರಳ. ಹತ್ತು ಜನ ಇದ್ದೇವೆ. ತಿಂಗಳಿಗೆ ಎರಡು ಶನಿವಾರ, ಎರಡೆರಡು ಗಂಟೆ. ಒಂದು ಸಲಕ್ಕೆ ಮೂವರ ಬರಹ. ಒಂದೊಂದೂ 1,500 ಪದ ಮೀರುವಂತಿಲ್ಲ. ಬುಧವಾರದೊಳಗೆ ಎಲ್ಲರಿಗೂ ಕಳಿಸಬೇಕು. ಶನಿವಾರ ಬರೆದವರು ಒಂದು ಪುಟ ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಅಷ್ಟು ಹೊತ್ತು ಬರೆದವರು ಬಾಯಿ ತೆರೆಯುವಂತಿಲ್ಲ. 1956ರಲ್ಲಿ ಅಮೆರಿಕದ ಮಿಲ್ಫರ್ಡ್‌ನಲ್ಲಿ ವೈಜ್ಞಾನಿಕ ಕತೆಗಾರರು ಶುರು ಮಾಡಿದ ಕಮ್ಮಟದಿಂದ ಈ ಪದ್ಧತಿಗೆ 'ಮಿಲ್ಫರ್ಡ್ ಪದ್ಧತಿ' ಎಂಬ ಹೆಸರು ಬಂತು. ಈಗ ಎಷ್ಟೋ ಕಡೆ ಇದೇ ನಡೆಯುತ್ತದೆ.

ಸುಮ್ಮನೆ ಕೂರುವುದು ಮೊದಲ ಸಲ ತುಂಬಾ ಕಷ್ಟವಾಯಿತು. "ಅಲ್ಲ, ನಾನು ಹೇಳಲು ಹೊರಟಿದ್ದು..." ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪತ್ರಿಕೆಯಲ್ಲಿ ಓದುವವರ ಪಕ್ಕದಲ್ಲಿ ನಾನು ಕೂತಿರುವುದಿಲ್ಲ, ಅಲ್ವಾ? ಕತೆ ತಾನೇ ಮಾತಾಡಬೇಕು. ಈ ನಿಯಮ ನನಗೆ ಈಗ ಎಲ್ಲಕ್ಕಿಂತ ಇಷ್ಟ.

ಗಟ್ಟಿಯಾಗಿ ಓದುವುದರ ಲಾಭ ಬೇರೆಯೇ. ವಾಕ್ಯ ಸರಿಯಿಲ್ಲದ ಕಡೆ ನಾಲಿಗೆ ತಡವರಿಸುತ್ತದೆ. ಸಂಭಾಷಣೆಯಲ್ಲಂತೂ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ನನ್ನ ಕತೆಯ ಹತ್ತು ವರ್ಷದ ಹುಡುಗ ಅಮ್ಮನಿಗೆ "ನಾನು ಈಗಲೇ ಹೊರಡುತ್ತೇನೆ" ಎನ್ನುತ್ತಿದ್ದ. ನಾನು ಓದುವಾಗಲೇ ಗೊತ್ತಾಯಿತು, ಯಾವ ಮಗುವೂ ಹೀಗೆ ಮಾತಾಡುವುದಿಲ್ಲ ಅಂತ. ಬರಹಗಾರರು ಹೀಗೆ ಗುಂಪು ಕಟ್ಟುವುದು ಹೊಸದೇನಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತ್ತು. ಅಷ್ಟು ದೊಡ್ಡವರಿಗೂ ಜೊತೆಗೊಂದು ಗುಂಪು ಬೇಕಾಗಿತ್ತು ಎಂದು ನೆನೆದರೆ ನನಗೆ ಧೈರ್ಯ ಬರುತ್ತದೆ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಬೇರೆಯವರ ಕರಡು ಓದಿಯೇ ನಾನು ಜಾಸ್ತಿ ಕಲಿತದ್ದು. ಅಚ್ಚಾದ ಪುಸ್ತಕದಲ್ಲಿ ಎಲ್ಲವೂ ಸರಿಹೋಗಿರುತ್ತದೆ, ಹೇಗೆ ಸರಿಹೋಯಿತು ಎಂಬುದು ಕಾಣುವುದಿಲ್ಲ. ಒಬ್ಬರ ಪದ್ಯ ನಾಲ್ಕು ಸಲ ಬಂತು. ಪ್ರತಿ ಸಲ ಒಂದಿಷ್ಟು ಪದ ಕಡಿಮೆ. ನಾಲ್ಕನೆಯ ಸಲ ಓದಿದಾಗ ಕೋಣೆಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೊಬ್ಬರ ಕತೆಯಲ್ಲಿ "ಇದ್ದಕ್ಕಿದ್ದಂತೆ" ಎಂಬ ಪದ ಐದು ಸಲ ಕಂಡು ಗುರುತು ಹಾಕಿದೆ. ಮನೆಗೆ ಬಂದು ನನ್ನ ಕತೆಯಲ್ಲಿ ಹುಡುಕಿದರೆ ಒಂಬತ್ತು ಇದ್ದವು.

ಸರದಿ ಬರುತ್ತದೆ ಎಂಬ ಒತ್ತಡವೂ ಒಳ್ಳೆಯದೇ. ನನ್ನದು ಲೆಕ್ಕಪತ್ರದ ಕೆಲಸ, ಸಂಜೆಗೆ ಕಣ್ಣು ಸೋತಿರುತ್ತದೆ. ಹಿಂದಿನ ಒಂಬತ್ತು ವರ್ಷಗಳಲ್ಲಿ ಎರಡು ಕತೆ ಮುಗಿಸಿದ್ದೆ. ಈ 14 ತಿಂಗಳಲ್ಲಿ ಐದು ಮುಗಿದಿವೆ.

ಕೊರತೆಗಳೂ ಇವೆ. ಒಬ್ಬ ಸದಸ್ಯರು ಎಲ್ಲರ ಕತೆಯನ್ನೂ ತಮ್ಮ ಕತೆಯಾಗಿ ತಿರುಗಿಸಲು ನೋಡುತ್ತಾರೆ. "ಇಲ್ಲಿ ನಾನಾಗಿದ್ದರೆ ಅವಳನ್ನು ಮನೆ ಬಿಡಿಸುತ್ತಿದ್ದೆ" ಎಂಬಂಥ ಮಾತು. ಇದರಿಂದ ಬರೆದವರಿಗೆ ದಾರಿ ತಪ್ಪುತ್ತದೆ, ನಡೆಸುವವರು ಇದನ್ನು ತಡೆಯಬೇಕು. ಮೊದಲ ಬರಹಕ್ಕೆ ಚರ್ಚೆ ಎಳೆದು, ಮೂರನೆಯವರಿಗೆ ಹತ್ತೇ ನಿಮಿಷ ಉಳಿದ ದಿನಗಳೂ ಇವೆ. ವಾರವಿಡೀ ಕಾದು ಬಂದವರಿಗೆ ಇದು ನೋವಾಗುತ್ತದೆ.

ಕಾದಂಬರಿ ಬರೆಯುವವರಿಗೆ ಈ ಕೂಟ ಸಾಲದು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಒಬ್ಬರಿಗೆ ಏಳು ಸರದಿ, ಅಂದರೆ 10,500 ಪದ. 80,000 ಪದದ ಕಾದಂಬರಿ ಮುಗಿಯಲು ಏಳು ವರ್ಷ ಮೀರುತ್ತದೆ. ಅಂಥವರು ಕಾದಂಬರಿಯನ್ನೇ ಬರೆಯುವ ಮೂರ್ನಾಲ್ಕು ಜನರನ್ನು ಹುಡುಕಿಕೊಳ್ಳುವುದು ಒಳ್ಳೆಯದು. ಸಣ್ಣಕತೆ, ಪದ್ಯ, ಪ್ರಬಂಧ ಬರೆಯುವವರಿಗೆ ಮಾತ್ರ ಧೈರ್ಯವಾಗಿ ಸೇರಿ ಎನ್ನುತ್ತೇನೆ. ಐದರಲ್ಲಿ ನಾಲ್ಕು ಅಂಕ.

ಸೇರುವ ಮುಂಚೆ ಎರಡು ಸಲ ಸುಮ್ನೆ ಹೋಗಿ ಕೂತು ಬನ್ನಿ, ಇಲ್ಲಿ ಅದಕ್ಕೆ ಅವಕಾಶ ಕೊಡುತ್ತಾರೆ. ಜನ "ಚೆನ್ನಾಗಿದೆ" ಎಂದು ಹೇಳಿ ನಿಲ್ಲಿಸುತ್ತಾರಾ, ಅಥವಾ ಯಾವ ಸಾಲು, ಯಾಕೆ ಅಂತ ಹೇಳುತ್ತಾರಾ ಎಂದು ಗಮನಿಸಿ. ನಾನು ಮೊದಲು ಹೋಗುತ್ತಿದ್ದ ಬೇರೊಂದು ಗುಂಪಿನಲ್ಲಿ ಎಲ್ಲರಿಗೂ ಚಪ್ಪಾಳೆ ಸಿಗುತ್ತಿತ್ತು. ಒಂದು ವರ್ಷದಲ್ಲಿ ನಾನು ಅಲ್ಲಿ ಒಂದು ಸಾಲನ್ನೂ ತಿದ್ದಲಿಲ್ಲ.

ನನ್ನ ಮುಂದಿನ ಸರದಿ ಇದೇ ಶನಿವಾರ. ರೇಡಿಯೋ ಕತೆಯ ಹೊಸ ಕರಡು ಬುಧವಾರದೊಳಗೆ ಹೋಗಬೇಕು. ಆ ಮೂರು ಸಾಲು ಹೋಗಿವೆ, ಕೊನೆಯ ಪುಟ ಇನ್ನೂ ಬಾಕಿ ಇದೆ.