ಕಾಲ್ಬೆರಳಿಗೆ ಸುತ್ತುವ ಆಕ್ಸಿಮೀಟರ್: 3 ತಿಂಗಳು ಬಳಸಿದ ಮೇಲೆ

ನಾವಿರುವುದು ಸುಮಾರು 3,000 ಮೀಟರ್ ಎತ್ತರದಲ್ಲಿ. ಮಗಳಿಗೆ ಹದಿನಾಲ್ಕು ತಿಂಗಳು. ಒಂದು ರಾತ್ರಿ ನಿದ್ದೆಯಲ್ಲಿ ಅವಳ ಉಸಿರು ನಿಂತ ಹಾಗಾಯಿತು. ಐದು, ಆರು, ಏಳು ಅಂತ ಎಣಿಸಿದೆ. ಆಮೇಲೆ ನಾಲ್ಕು ಸಲ ಜೋರಾಗಿ ಎಳೆದುಕೊಂಡು ಮತ್ತೆ ಸರಿಯಾದಳು. ಎತ್ತರದಲ್ಲಿ ಚಿಕ್ಕ ಮಕ್ಕಳು ಹೀಗೆ ಬಿಟ್ಟು ಬಿಟ್ಟು ಉಸಿರಾಡುವುದುಂಟು ಎಂದರು ಡಾಕ್ಟರು. ಆದರೂ ರಾತ್ರಿಯೆಲ್ಲ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿರುತ್ತದೆ ನೋಡೋಣ ಎಂದು ಈ ಯಂತ್ರ ತರಿಸಿದರು.

ದೊಡ್ಡವರ ಬೆರಳಿನ ಕ್ಲಿಪ್ ಇಷ್ಟು ಚಿಕ್ಕ ಮಗುವಿಗೆ ಸರಿಹೋಗುವುದಿಲ್ಲ. ಇದು ಕಾಲಿನ ಹೆಬ್ಬೆರಳಿಗೆ ಸುತ್ತುವ ಮೆತ್ತನೆಯ ಪಟ್ಟಿ. ಕೆಂಪು ಬೆಳಕು ಬಿಡುವ ತುದಿ ಮೇಲೆ, ಅದನ್ನು ಹಿಡಿಯುವ ತುದಿ ಕೆಳಗೆ, ಎರಡೂ ಎದುರುಬದುರು ಬರಬೇಕು. ಸ್ವಲ್ಪ ಜಾರಿದರೂ ಅಂಕೆ ತಪ್ಪುತ್ತದೆ. ಮೇಲೆ ಕಾಲುಚೀಲ ಹಾಕಿದರೆ ಕಾಲು ಬೆಚ್ಚಗಿರುತ್ತದೆ, ಅವಳು ಕಿತ್ತುಹಾಕುವುದೂ ಇಲ್ಲ. ಪಟ್ಟಿ ಬಿಗಿಯಾಗಿ ಎಳೆಯಬೇಡಿ. ರಾತ್ರಿ ಒಂದು ಸಲ ಎದ್ದು ಬೇರೆ ಕಾಲಿಗೆ ಬದಲಿಸಿ, ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ.

ಯಂತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ನಾಡಿಯ ಅಲೆ ತೋರಿಸುವ ಪರದೆ. ಮಗು ಕಾಲು ಒದ್ದಾಗ ಅಂಕೆ ಧಡಕ್ಕನೆ 70ಕ್ಕೆ ಇಳಿದರೆ ಎದೆ ಒಡೆದಂತಾಗುತ್ತದೆ ಅಲ್ವಾ? ಆಗ ಅಲೆ ನೋಡಿ. ಅದು ಚೆಲ್ಲಾಪಿಲ್ಲಿಯಾಗಿದ್ದರೆ ಆ ಅಂಕೆಯನ್ನು ನಂಬಬೇಡಿ, ಕಾಲು ನಿಂತ ಮೇಲೆ ನೋಡಿ.

ಬೇಜಾರಾದದ್ದು ಅಲಾರಂ. 90ಕ್ಕಿಂತ ಕೆಳಗೆ ಹೋದರೆ ಕೂಗುವ ಹಾಗೆ ಹೊಂದಿಸಿಯೇ ಬಂದಿತ್ತು. ಇಲ್ಲಿ ಗಾಳಿಯಲ್ಲಿ ಆಕ್ಸಿಜನ್ 21 ಶೇಕಡಾವೇ, ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70 ಶೇಕಡಾ ಮಾತ್ರ. ಹಾಗಾಗಿ ನನ್ನ ಮಗಳಿಗೆ ಎಚ್ಚರದಲ್ಲಿ 92, 93 ಇರುತ್ತದೆ, ನಿದ್ದೆಯಲ್ಲಿ 88, 89. ಮೊದಲ ಎರಡು ರಾತ್ರಿ ಸುಮ್ನೆ ಕೂಗುತ್ತಲೇ ಇತ್ತು. ಮೂರು ರಾತ್ರಿಯ ದಾಖಲೆ ನೋಡಿ ಡಾಕ್ಟರು ಗಡಿ ಬದಲಿಸಿಕೊಟ್ಟರು. ದಯವಿಟ್ಟು ನೀವಾಗಿ ಇಳಿಸಬೇಡಿ.

ಹೋದ ತಿಂಗಳು ಅವಳಿಗೆ ಶೀತವಾಗಿ ಮೂಗು ಕಟ್ಟಿತು. ರಾತ್ರಿ ಎರಡಕ್ಕೆ ಅಲಾರಂ. ಅಲೆ ಸ್ವಚ್ಛವಾಗಿತ್ತು, ಅಂಕೆ 81ರಲ್ಲೇ ನಿಂತಿತ್ತು. ದೀಪ ಹಾಕಿ ನೋಡಿದರೆ ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದು ಒಳಗೆ ಹೋಗುತ್ತಿತ್ತು. ತಕ್ಷಣ ಆಸ್ಪತ್ರೆಗೆ ಓಡಿದೆವು. ಆಕ್ಸಿಜನ್ ಕೊಟ್ಟು ಎರಡು ದಿನ ಇಟ್ಟುಕೊಂಡರು.

ಪಟ್ಟಿಯ ಅಂಟು ಬೇಗ ಹೋಗುತ್ತದೆ. ಯಂತ್ರದ ಜೊತೆಗೇ ನಾಲ್ಕು ಹೆಚ್ಚಿನ ಪಟ್ಟಿ ತರಿಸಿಟ್ಟುಕೊಳ್ಳಿ.