ಇಳಕಲ್ ಸೀರೆ: ಮೊದಲು ಸೆರಗು ನೋಡಿ, ಆಮೇಲೆ ದುಡ್ಡು ಕೊಡಿ

ಹೋದ ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ 1,400 ರೂಪಾಯಿಗೆ ಇಳಕಲ್ ಸೀರೆ ತಗೊಂಡೆ. 'ಪ್ಯೂರ್ ಹ್ಯಾಂಡ್‌ಲೂಮ್ ಮೇಡಂ' ಅಂದರು, ನಂಬಿದೆ. ಊರಿಗೆ ಹೋದಾಗ ಅವ್ವ ಸೆರಗು ಹಿಡಿದು ಒಂದು ಗಳಿಗೆ ನೋಡಿದಳು ಅಷ್ಟೇ. 'ಇದು ಕೈಮಗ್ಗದ್ದಲ್ಲ ಬಿಡವಾ, ಕೊಂಡಿನೇ ಇಲ್ಲ.'

ಕೊಂಡಿ ಅಂದರೆ, ಅಸಲಿ ಇಳಕಲ್‌ನಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಈ ಎರಡರ ಎಳೆಗಳನ್ನು ಕೈಯಲ್ಲೇ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೂ ಪ್ರತಿ ಸೀರೆಗೂ ಹೊಸದಾಗಿ! ಪವರ್‌ಲೂಮ್‌ನವರಿಗೆ ಈ ತಲೆನೋವೇ ಇಲ್ಲ. ಒಂದೇ ಹಾಸು ಉದ್ದಕ್ಕೂ ಓಡುತ್ತದೆ, ಸೆರಗು ಬಂದಾಗ ಹೊಕ್ಕಿನ, ಅಂದರೆ ಅಡ್ಡಡ್ಡ ಹೋಗುವ ನೂಲಿನ, ಬಣ್ಣ ಬದಲಾಯಿಸಿದರೆ ಆಯಿತು. ಅದಕ್ಕೇ ಸೆರಗಿನ ತುದಿಯಲ್ಲಿ ಬಿಟ್ಟಿರುವ ಎಳೆ ನೋಡಿ. ಅದು ಒಡಲಿನ ಬಣ್ಣದ್ದೇ ಆಗಿದ್ದರೆ ಸುಮ್ನೆ ಕೆಳಗಿಟ್ಟು ಬನ್ನಿ.

ಈ ಸಲ ಇಳಕಲ್‌ಗೇ ಹೋಗಿ, ನೇಯುವವರ ಮನೆಯಲ್ಲೇ 3,600 ಕೊಟ್ಟು ತಂದೆ. ಜಾಸ್ತಿ ಅನ್ನಿಸ್ತು, ಸುಳ್ಳು ಹೇಳಲ್ಲ. ಆದರೆ ಅವರ ಮನೆಯಲ್ಲಿ ಒಬ್ಬರಲ್ಲ, ಮೂವರು ಆ ಸೀರೆಗೆ ಕೂತಿದ್ದರು: ಒಬ್ಬರು ನೂಲು ಸುತ್ತುತ್ತಾ, ಒಬ್ಬರು ಕೊಂಡಿ ಹಾಕುತ್ತಾ, ಇನ್ನೊಬ್ಬರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು. ಆ 1,400ರ ಸೀರೆ ಕೈಮಗ್ಗದ ಹೆಸರಲ್ಲಿ ಹೋದಾಗಲೆಲ್ಲ ಏಟು ಬೀಳೋದು ಇವರಿಗೇ ಅಲ್ವಾ? ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂದಿದೆ, ಇದು ಕೈಮಗ್ಗದ್ದೇ ಅಂತ ತೋರಿಸುವ ಹ್ಯಾಂಡ್‌ಲೂಮ್ ಮಾರ್ಕ್ ಕೂಡ 2006ರಿಂದ ಇದೆ. ನನಗೆ ಮೋಸ ಮಾಡಿದ ಸೀರೆಯ ಮೇಲೆ ಯಾವ ಮಾರ್ಕೂ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಉಟ್ಟ ಮೇಲೆ? ಹತ್ತಿ ಒಡಲು, ಬಿಸಿಲಿಗೆ ಹಾಯಾಗಿದೆ. ಚಿಕ್ಕಿ ವಿನ್ಯಾಸದ ದಡಿ (ಅಂಚು) ಚೆನ್ನಾಗಿ ನಿಲ್ಲುತ್ತದೆ. ಬೇಸರ ಒಂದೇ, ಮೊದಲ ಒಗೆತದಲ್ಲಿ ಸೆರಗಿನ ಕೆಂಪು ಸ್ವಲ್ಪ ಬಿಟ್ಟಿತು, ಬೇರೆಯಾಗೇ ತಣ್ಣೀರಲ್ಲಿ ಅದ್ದಿ ತೆಗೆಯಿರಿ. ಬಣ್ಣ ರಾಸಾಯನಿಕದ್ದೇ, 'ಪೂರ್ತಿ ಪರಿಸರಸ್ನೇಹಿ' ಅಂತ ನಾನು ಹೇಳೋಕೆ ಹೋಗಲ್ಲ. ಆದರೆ ಮಗ್ಗಕ್ಕೆ ಕರೆಂಟ್ ಬೇಡ, ಸೀರೆ ಬೇಗ ಹಳತಾಗೋದೂ ಇಲ್ಲ. ಅವ್ವನ ಮದುವೆಯ ಇಳಕಲ್ ಸೀರೆ ಈಗ ನಮ್ಮನೆ ಕೌದಿಯಲ್ಲಿದೆ, ಚಳಿಗಾಲದಲ್ಲಿ ನನ್ನ ಮಗ ಅದನ್ನೇ ಹೊದ್ದು ಮಲಗುತ್ತಾನೆ. 1,400ರದ್ದು ಏನಾಯ್ತು ಅಂತೀರಾ? ಎರಡು ಒಗೆತಕ್ಕೇ ಗಂಟುಗಂಟಾಗಿ, ಈಗ ಗಾಡಿ ಒರೆಸೋಕೆ ಇದೆ.