ಹತ್ತು ಬಟ್ಟೆ, ಏಳು ಕೆ.ಜಿ.: ನಾಲ್ಕು ಬೇಸಿಗೆ ತೊಟ್ಟು ಒಗೆದ ಮೇಲೆ

ಬಳಕೆ: 4 ಬೇಸಿಗೆ, ಪ್ರತಿ ಸಲ ಜೂನ್ ತಿಂಗಳಲ್ಲಿ ಎರಡು ವಾರ, ಯುರೋಪ್. ಚೆಕ್‌ಇನ್ ಲಗೇಜ್ ಇಲ್ಲ, ಕ್ಯಾಬಿನ್ ಬ್ಯಾಗ್ ಒಂದೇ, ಹೆಚ್ಚಿನ ವಿಮಾನಗಳಲ್ಲಿ ಅದರ ಮಿತಿ 7 ಕೆ.ಜಿ. ಮಳೆ ಜಾಕೆಟ್ಟು, ಫ್ಲೀಸು, ಟೀಶರ್ಟು ಬಿಟ್ಟರೆ ಮಿಕ್ಕದ್ದೆಲ್ಲ ಮೈಸೂರಿನಲ್ಲೇ ಹೊಲಿಸಿದ್ದು.

ಈ ಹತ್ತರಲ್ಲಿ ಹೆಚ್ಚು ದುಡಿದದ್ದು ‘ಟ್ರಾವೆಲ್ ವೇರ್’ ಎಂಬ ಚೀಟಿ ಹೊತ್ತ ಯಾವ ಬಟ್ಟೆಯೂ ಅಲ್ಲ. ಹಳೆಯ ಮೈಸೂರು ಕ್ರೇಪ್ ರೇಷ್ಮೆ ಸೀರೆಯಿಂದ ಹೊಲಿಸಿದ ಕುರ್ತಾ, ಅದರಲ್ಲೇ ಉಳಿದ ತುಂಡಿನ ಶಾಲು. ಹೆಚ್ಚು ಕೈಕೊಟ್ಟದ್ದು ಮೊದಲ ಬೇಸಿಗೆಗೆ ಒಯ್ದ ಅಪ್ಪಟ ಲಿನನ್ ಪ್ಯಾಂಟು, ಅದು ಈಗ ಹತ್ತರಲ್ಲಿಲ್ಲ. ಪ್ರವಾಸದ ಬಟ್ಟೆಗೆ ನಾವು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ರಾತ್ರಿ ಹತ್ತಕ್ಕೆ ಒಗೆದು ಬಾತ್‌ರೂಮಿನಲ್ಲಿ ಫ್ಯಾನಿಲ್ಲದೆ ಒಣಹಾಕಿ, ಬೆಳಿಗ್ಗೆ ಆರಕ್ಕೆ ಹೊಲಿಗೆಯ ಗೆರೆ, ಸೊಂಟಪಟ್ಟಿ, ಜೇಬಿನ ಮೂಲೆ ಮುಟ್ಟಿ ನೋಡುವುದು. ಬಟ್ಟೆಯ ಮೈ ಒಣಗಿದ್ದರೂ ಈ ಮೂರು ಜಾಗ ತಣ್ಣಗಿದ್ದರೆ ಅದು ಬ್ಯಾಗಿಗೆ ಬೇಡ. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿದರೆ ಎಲ್ಲವೂ ಪಾಸಾಗುತ್ತವೆ. ಮೋಡ ಮುಸುಕಿದ ದಿನ ನೋಡಿ ಮಾಡಿ.

ಹತ್ತು ಯಾವುವು ಎಂದರೆ: ಕ್ರೇಪ್ ಕುರ್ತಾ (140 ಗ್ರಾಂ), ಲಿನನ್ ಶರ್ಟು (210), ಟೀಶರ್ಟು ಎರಡು (ಒಟ್ಟು 300), ಮಂಡಿ ಮುಚ್ಚುವ ಫ್ರಾಕು (320), ಲಿನನ್-ಹತ್ತಿ ಮಿಶ್ರಣದ ಕಡುನೀಲಿ ಪ್ಯಾಂಟು (330), ತೆಳು ಬೂದುಬಣ್ಣದ ಪ್ಯಾಂಟು (280), ಶಾಲು (110), ಫ್ಲೀಸು (280), ಮಳೆ ಜಾಕೆಟ್ಟು (240). ಒಳಉಡುಪು ನಾಲ್ಕು ಜೊತೆ, ಕಾಲುಚೀಲ ಮೂರು ಜೊತೆ, ರಾತ್ರಿ ಉಡುಪು ಒಂದು, ಈ ಮೂರೂ ಸೇರಿ 670. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಒಟ್ಟು ಲೆಕ್ಕ 2.9 ಕೆ.ಜಿ.ಗೆ ಸ್ವಲ್ಪ ಕಡಿಮೆ. ಮೈಮೇಲೆ ಹಾಕಿಕೊಂಡು ಹೋಗುವ ಪ್ಯಾಂಟು, ಶರ್ಟು ಕಳೆದರೆ ಬ್ಯಾಗಿನಲ್ಲಿ ಉಳಿಯುವುದು 2.3 ಕೆ.ಜಿ. ಹೋಲಿಕೆಗೆ ಹೇಳುವುದಾದರೆ, ಒಂದು ಜೀನ್ಸ್ ಪ್ಯಾಂಟೇ 600 ಗ್ರಾಂ ದಾಟುತ್ತದೆ, ಒದ್ದೆಯಾದರೆ ಒಂದೂವರೆ ದಿನ ಒಣಗುವುದಿಲ್ಲ.

ಗಂಡಸರಾದರೆ ಫ್ರಾಕಿನ ಬದಲು ಇನ್ನೊಂದು ಶರ್ಟು. ಕುರ್ತಾವನ್ನು ಮೋಟು ಮಾಡಿ ನೆಹರೂ ಕಾಲರ್ ಇಡಿಸಿಕೊಂಡರೆ ಮಿಕ್ಕದ್ದೆಲ್ಲ ಇದೇ ಲೆಕ್ಕ.

ಕ್ರೇಪ್ ಕುರ್ತಾ

ಕ್ರೇಪ್ ನೂಲನ್ನು ನೇಯುವ ಮೊದಲೇ ಬಿಗಿಯಾಗಿ ಹುರಿ ಮಾಡಿರುತ್ತಾರೆ, ಮೀಟರಿಗೆ ಸಾವಿರಗಟ್ಟಲೆ ಸುತ್ತು. ನೇಯ್ದ ಮೇಲೆ ರೇಷ್ಮೆಯ ಗೋಂದು ತೆಗೆದಾಗ ಆ ಹುರಿ ಬಿಚ್ಚಿಕೊಳ್ಳಲು ಹವಣಿಸಿ ಬಟ್ಟೆಯ ಮೈಯೆಲ್ಲ ಸಣ್ಣಗೆ ಮುದುಡುತ್ತದೆ. ಬೆರಳಿಗೆ ಸಿಗುವ ಆ ಮರಳುಮರಳು ಹಿಡಿತ ಅದರದ್ದೇ. ಮೊದಲೇ ಮುದುಡಿದ ಬಟ್ಟೆಗೆ ಹೊಸ ಸುಕ್ಕು ಎಲ್ಲಿ ಕಾಣಬೇಕು! ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಅರ್ಧ ನಿಮಿಷದಲ್ಲಿ ಮೊದಲಿನಂತಾಗುತ್ತದೆ. ಈ ಸೀರೆ ನೇಯುವ ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರಲ್ಲಿ, ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಮೈಸೂರಿನ ಮನೆಗಳಲ್ಲಿ ಬೀರುವಿನ ಕೆಳಗಿನ ಅರೆಯಲ್ಲಿ ಇಂಥ ಒಂದು ಸೀರೆಯಾದರೂ ಮಡಿಕೆಯಲ್ಲೇ ಕೂತಿರುತ್ತದೆ. ಅದನ್ನು ಹುಡುಕಿ. ಇದಕ್ಕಾಗಿ ಹೊಸ ಸೀರೆಗೆ ಕತ್ತರಿ ಹಾಕುವುದು ದುಡ್ಡು ದಂಡ.

ಕತ್ತರಿಸುವ ಮೊದಲು ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು ನೋಡಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆ ಆ ಗೆರೆಯಲ್ಲೇ ಸವೆದಿರುತ್ತದೆ, ಬೆಳಕು ಅಲ್ಲಿ ಹೆಚ್ಚು ತೂರುತ್ತದೆ. ಗೆರೆಯ ಎರಡೂ ಬದಿ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ‘ಚರ್’ ಎಂದರೆ ಆ ಭಾಗ ಕೈಬಿಡಿ. ಎನ್ನದಿದ್ದರೂ ಮಡಿಕೆ ಗೆರೆ ಹೆಗಲಿಗೆ, ಮೊಣಕೈಗೆ, ಬೆನ್ನಿನ ನಡುವಿಗೆ ಬಾರದಂತೆ ಗುರುತು ಹಾಕಿಸಿ. ಬ್ಯಾಗಿನ ಪಟ್ಟಿ ಉಜ್ಜುವ ಜಾಗಗಳೇ ಅವು. ಐದೂವರೆ ಮೀಟರಿನಲ್ಲಿ ಕುರ್ತಾಕ್ಕೆ ಎರಡೂವರೆ, ಶಾಲಿಗೆ 1.9 ಸಾಕು. ಉಳಿದ ಮೀಟರು ಕಾಲರಿನ ಒಳಪಟ್ಟಿಗೆ, ಕೈ ಮಡಚಿ ಕಟ್ಟುವ ಪಟ್ಟಿಗೆ, ಮುಂದೆ ತೇಪೆಗೆ.

ಬಣ್ಣ ಬಿಡುತ್ತದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ: ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯ ಮೇಲಿಟ್ಟು ಹಗುರಾಗಿ ಇಸ್ತ್ರಿ ಒತ್ತಿ. ಮರೂನ್, ಗಾಢ ಗುಲಾಬಿ ಸೀರೆಗಳು ಬಿಳಿಗೆ ಕೆಂಪು ಬಳಿದರೆ ಅವನ್ನು ಹೋಟೆಲಿನ ಸಿಂಕಿಗೆ ಒಯ್ಯುವ ಮಾತೇ ಇಲ್ಲ. ಪಾಸಾದರೆ ಇಡೀ ತುಂಡನ್ನು ತಣ್ಣೀರಿಗೆ ಹಾಕಿ ನೆರಳಲ್ಲಿ ಒಣಗಿಸಿ ಆಮೇಲೆ ಟೈಲರಿಗೆ ಕೊಡಿ. ಕ್ರೇಪ್ ಮೊದಲ ನೀರಿಗೆ ಕುಗ್ಗುತ್ತದೆ. ಹೊಲಿಸಿದ ಮೇಲೆ ಕುಗ್ಗಿದರೆ ತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲೇರಿ ಕೂರುತ್ತದೆ.

ಜರಿ ಅಂಚು ಕುರ್ತಾದಲ್ಲಿ ಬೇಡ. ಆ ಕಾರ್ಖಾನೆ ನಡೆಸುವ ಸರ್ಕಾರಿ ನಿಗಮ ಕೆ.ಎಸ್‌.ಐ.ಸಿ.ಯ ಜರಿಯಲ್ಲಿ ಶೇ 65 ಬೆಳ್ಳಿ. ಬೆವರಿಗೆ, ಬಾಡಿ ಸ್ಪ್ರೇಗೆ ಕಪ್ಪಾಗುವುದೂ ಅದೇ, ಬ್ಯಾಗಿನ ಪಟ್ಟಿಗೆ ಸಿಕ್ಕಿ ಎಳೆ ಏಳುವುದೂ ಅದೇ. ಅಂಚು ಬೇಕೆಂದರೆ ಶಾಲಿನ ಎರಡು ತುದಿಗೆ ಉಳಿಸಿ, ಅದನ್ನು ಸಿಂಕಿನಲ್ಲಿ ಒಗೆಯಬೇಡಿ. ಶಾಲು ಸುತ್ತಿ ರಬ್ಬರ್ ಬ್ಯಾಂಡ್ ಹಾಕುವವರುಂಟು. ರಬ್ಬರಿನಲ್ಲಿ ಗಂಧಕ ಇರುತ್ತದೆ, ಅದು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಹತ್ತಿ ದಾರದ ಪಟ್ಟಿ ಸಾಕು.

ಇನ್ನು ಹೊಲಿಗೆ. ಎರಡನೇ ಬೇಸಿಗೆಯಲ್ಲಿ ಕಂಕುಳ ಹತ್ತಿರ ಕುರ್ತಾ ಬಿಟ್ಟುಕೊಂಡಿತು. ಹರಿದದ್ದಲ್ಲ, ನೂಲೆಳೆಗಳು ಹೊಲಿಗೆಯಿಂದ ಜಾರಿ ದೂರವಾದದ್ದು. ಬರೀ ಓವರ್‌ಲಾಕ್ ಹಾಕಿದ್ದೇ ಕಾರಣ. ಅಂಚನ್ನು ಒಳಗೆ ಮುಚ್ಚಿ ಎರಡು ಸಲ ಹೊಲಿಯುವ ಫ್ರೆಂಚ್ ಹೊಲಿಗೆ, 9 ಅಥವಾ 11ನೇ ನಂಬರಿನ ಸೂಜಿ, ಸಣ್ಣ ಹೊಲಿಗೆ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಮದುವೆ ಸೀಸನ್ನಿನಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಕಂಕುಳಲ್ಲಿ ಮೂರು ಇಂಚಿನ ಚೌಕ ತುಂಡು ಸೇರಿಸಿದರೆ ಕೈ ಎತ್ತಿ ಟ್ರೇನಿನ ಕಂಬಿ ಹಿಡಿದಾಗ ಎಳೆತ ಹೊಲಿಗೆಗೆ ಬೀಳದೆ ಆ ತುಂಡಿಗೆ ಬೀಳುತ್ತದೆ. ಬೆವರಿನ ಬಿಳಿ ಬಳೆ ರೇಷ್ಮೆಯಲ್ಲಿ ಒಮ್ಮೆ ಕೂತರೆ ಹೋಗದು. ಅದಕ್ಕೆ ಒಳಗೆ ಮಲ್ ಬಟ್ಟೆಯ ಅರ್ಧಚಂದ್ರ ತುಂಡು, ಟಿಚ್ ಬಟನ್ ಇಟ್ಟು ತೆಗೆದು ಒಗೆಯುವ ಹಾಗೆ. ಮೂರನೇ ಬೇಸಿಗೆಯಿಂದ ಹೀಗೇ ಇದೆ, ಕುರ್ತಾ ಇನ್ನೂ ಗಟ್ಟಿ.

ಉಡುವ ಲೆಕ್ಕದಲ್ಲಿ ಇದರ ಬೆಲೆ ತಿಳಿಯುತ್ತದೆ. ಹಗಲು ಟೀಶರ್ಟಿನ ಮೇಲೆ ಗುಂಡಿ ಬಿಚ್ಚಿ ಬಿಸಿಲಿಗೆ ತೆಳು ಕೋಟಿನಂತೆ, ಸಂಜೆ ಗುಂಡಿ ಹಾಕಿ ಕಡುನೀಲಿ ಪ್ಯಾಂಟಿನ ಮೇಲೆ ಊಟಕ್ಕೆ. ಪ್ಯಾರಿಸ್‌ನಲ್ಲಿ ಜೂನ್ ಸಂಜೆ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಅಷ್ಟು ಉದ್ದದ ದಿನಕ್ಕೆ ರೂಮಿಗೆ ಹೋಗಿ ಬಟ್ಟೆ ಬದಲಾಯಿಸುವುದು ಆಗಹೋಗದ ಮಾತು. ರೋಮ್ ನಡುವಿನ ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಒಳಗೆ ಹೆಗಲು, ಮಂಡಿ ಮುಚ್ಚಿರಲೇಬೇಕು. ಬಾಗಿಲಲ್ಲಿ ಶಾಲು ಕೊಂಡು ಹೊದ್ದುಕೊಳ್ಳುವವರ ಸಾಲಿನಲ್ಲಿ ನಿಲ್ಲುವ ಪೇಚು ಇಲ್ಲ.

ಲಿನನ್

ಬೆವರು ಹೀರುವುದರಲ್ಲಿ ಲಿನನ್ ಹತ್ತಿಗಿಂತ ಮುಂದೆ ಎನ್ನುವುದು ನಿಜವೇ. ಸಾಧಾರಣ ಹವೆಯಲ್ಲಿ ಅದು ತನ್ನ ತೂಕದ ಶೇ 12ರಷ್ಟು ತೇವ ಹಿಡಿದಿಡುತ್ತದೆ, ರೇಷ್ಮೆ 11, ಹತ್ತಿ ಎಂಟೂವರೆ, ಪಾಲಿಯೆಸ್ಟರ್ ಅರ್ಧ ಕೂಡ ಇಲ್ಲ. ಆದರೆ ಅಗಸೆನಾರು ಬಾಗಿದರೆ ಹಿಂದಕ್ಕೆ ಚಿಮ್ಮುವುದಿಲ್ಲ. ಹತ್ತು ತಾಸಿನ ವಿಮಾನದಲ್ಲಿ ಕೂತೆದ್ದ ಅಪ್ಪಟ ಲಿನನ್ ಪ್ಯಾಂಟಿನ ಮಂಡಿಯ ಹಿಂಭಾಗ ಬಾಳೆಹಣ್ಣು ಸುತ್ತಿದ ಪೇಪರಿನಂತಾಗುತ್ತದೆ, ಮುಂಭಾಗ ಉಬ್ಬಿ ನಿಲ್ಲುತ್ತದೆ. ಮೊದಲ ಬೇಸಿಗೆಗೇ ಅದು ಸಾಕಾಯಿತು. ಈಗ ಇರುವುದು ಶೇ 55 ಲಿನನ್, 45 ಹತ್ತಿ. ಸುಕ್ಕು ಬೀಳುತ್ತದೆ, ಆದರೆ ಒದ್ದೆ ಕೈಯಲ್ಲಿ ಸವರಿ ನೇತುಹಾಕಿದರೆ ಬೆಳಿಗ್ಗೆಗೆ ಮುಖ ತೋರಿಸುವಂತಿರುತ್ತದೆ. ಶರ್ಟು ಮಾತ್ರ ಅಪ್ಪಟ ಲಿನನ್ನೇ. ಶರ್ಟಿನ ಸುಕ್ಕು ಸೊಗಸು, ಪ್ಯಾಂಟಿನದ್ದು ಸೋಮಾರಿತನ ಎಂದು ಜನ ಯಾಕೆ ನೋಡುತ್ತಾರೋ ಗೊತ್ತಿಲ್ಲ, ನೋಡುವುದಂತೂ ಹೌದು.

ದೇವರಾಜ ಅರಸು ರಸ್ತೆಯಲ್ಲಿ ಲಿನನ್ ತುಂಡು ಕೊಳ್ಳುವಾಗ ‘ಲೀ’ ಎಷ್ಟು ಎಂದು ಕೇಳಿ. ಅದು ನೂಲಿನ ಸಪೂರದ ಲೆಕ್ಕ, ಅಂಕಿ ಏರಿದಷ್ಟೂ ತೆಳು. ಶರ್ಟಿಗೆ 60, ಪ್ಯಾಂಟಿಗೆ 40ರೊಳಗೆ. 58 ಇಂಚು ಪನ್ನದಲ್ಲಿ (ಬಟ್ಟೆಯ ಅಗಲ) ಪ್ಯಾಂಟಿಗೆ 1.3 ಮೀಟರ್ ಎನ್ನುತ್ತಾರೆ. ನೀರಿಗೆ ಕುಗ್ಗುವುದಕ್ಕೆಂದು 10 ಸೆಂ.ಮೀ. ಹೆಚ್ಚು ತಗೊಳ್ಳಿ, ರಾತ್ರಿಯಿಡೀ ನೆನೆಸಿ ಒಣಗಿಸಿ ಕೊಡಿ. ಸೊಂಟದ ಒಳಭಾಗದಲ್ಲಿ ಒಂದು ಕಳ್ಳಜೇಬು ಹೊಲಿಸಿ, 14ಕ್ಕೆ 10 ಸೆಂ.ಮೀ., ಜಿಪ್ ಸಮೇತ. ಪಾಸ್‌ಪೋರ್ಟಿನ ಅಳತೆ 12.5ಕ್ಕೆ 8.8, ಸರಿಯಾಗಿ ಕೂರುತ್ತದೆ. ರೋಮ್, ಪ್ಯಾರಿಸ್ ಮೆಟ್ರೋಗಳಲ್ಲಿ ಕೈಚಳಕದವರು ಹೆಸರಾಂತರು. ಅಜ್ಜಿಯರ ಸೊಂಟದ ಎಲೆಅಡಿಕೆ ಸಂಚಿಯನ್ನು ಯಾರಾದರೂ ಕದ್ದದ್ದು ಕೇಳಿದ್ದೀರಾ?

ಉಳಿದವು, ಚುಟುಕಾಗಿ

ಟೀಶರ್ಟು: ಮೊದಲು ಒಯ್ದದ್ದು ಜಿಮ್ಮಿನ ಪಾಲಿಯೆಸ್ಟರ್. ಎರಡು ತಾಸಿಗೆ ಒಣಗುತ್ತದೆ, ಮೂರನೇ ದಿನಕ್ಕೆ ಒಗೆದರೂ ವಾಸನೆ ಹೋಗುವುದಿಲ್ಲ. ನೀರು ಹೀರದ ನೂಲು ಮೈಯೆಣ್ಣೆಯನ್ನು ಮಾತ್ರ ಬಿಡದೆ ಹಿಡಿಯುತ್ತದೆ. ಈಗ ತೆಳು ಮೆರಿನೋ ಉಣ್ಣೆ, ದುಬಾರಿ. ನಾಲ್ಕು ದಿನ ಹಾಕಿದರೂ ನಾರುವುದಿಲ್ಲ. ಮೈಸೂರಿಗೆ ಮರಳಿದ ಮೇಲೆ ನಮ್ಮಲ್ಲಿ ಹುಳು ತೂತು ಮಾಡಿದ ಬಟ್ಟೆಯೂ ಇದೊಂದೇ. ಒಗೆದು ಪೂರ್ತಿ ಒಣಗಿಸಿ ಜಿಪ್ ಕವರಿನಲ್ಲಿಟ್ಟರೆ ಮಾತ್ರ ಕ್ಷೇಮ.

ಫ್ರಾಕು ವಿಸ್ಕೋಸ್‌ನದು. ನೋಡಲು ಚೆಂದ, ಜೋತುಬೀಳುವ ಸೊಗಸು ಹತ್ತಿಗೆ ಬರುವುದಿಲ್ಲ. ಆದರೆ ಬಾತ್‌ರೂಮ್ ಪರೀಕ್ಷೆಯಲ್ಲಿ ಅಂಚಿನ ಮೇಲೆ ಪಾಸಾದದ್ದು, ಅದೂ ಟವೆಲಿನಲ್ಲಿ ಸುತ್ತಿ ತುಳಿದು ನೀರು ತೆಗೆದ ಮೇಲೆ. ಒದ್ದೆಯಾದಾಗ ವಿಸ್ಕೋಸ್ ತನ್ನ ಬಲದಲ್ಲಿ ಅರ್ಧ ಕಳೆದುಕೊಳ್ಳುತ್ತದೆ, ಹಿಂಡಿದರೆ ಹೊಲಿಗೆ ಬಿಚ್ಚುತ್ತದೆ. ಬದಲಿ ಹುಡುಕುತ್ತಿದ್ದೇವೆ.

ಫ್ಲೀಸು ಮತ್ತು ಮಳೆ ಜಾಕೆಟ್ಟು ಒಂದರ ಮೇಲೊಂದು ಹಾಕಲೆಂದೇ. ರೋಮ್‌ನ ಬಿಸಿಲು ಮೂವತ್ತು ದಾಟಿದ ವಾರದಲ್ಲೇ ಸ್ವಿಟ್ಜರ್ಲೆಂಡಿನ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ನಲ್ಲಿ ಹಿಮದ ಮೇಲೆ ನಿಂತಿರುತ್ತೀರಿ. ಅರ್ಧ ದಿನದ ಆ ಚಳಿಗೆಂದು ದಪ್ಪ ಜಾಕೆಟ್ ಹೊತ್ತು ಎರಡು ವಾರ ತಿರುಗುವುದು ಹುಚ್ಚು. ಟೀಶರ್ಟು, ಕುರ್ತಾ, ಫ್ಲೀಸು, ಜಾಕೆಟ್ಟು, ಕತ್ತಿಗೆ ಶಾಲು: ಐದು ಪದರ ಸಾಕಾಯಿತು, ಕೈಗವಸು ಇಲ್ಲದ್ದು ಮಾತ್ರ ಕಾಡಿತು.

ಬಣ್ಣ: ಪ್ಯಾಂಟು ಎರಡೂ ಮೌನ, ಕಡುನೀಲಿ ಮತ್ತು ಬೂದು. ಟೀಶರ್ಟು ಬಿಳಿಗೆ ಹತ್ತಿರದ್ದು. ಮಾತಾಡುವುದು ಕ್ರೇಪ್ ಒಂದೇ, ನಮ್ಮದು ಮಾವಿನಹಣ್ಣಿನ ಹಳದಿ. ಫೋಟೋಗಳಲ್ಲೆಲ್ಲ ಅದೇ ಕಾಣುತ್ತದೆ ಎಂಬ ದೂರಿದೆ, ಶಾಲನ್ನು ಒಮ್ಮೆ ತಲೆಗೆ, ಒಮ್ಮೆ ಸೊಂಟಕ್ಕೆ ಸುತ್ತಿದರೆ ಆ ದೂರು ಅರ್ಧ ಇಳಿಯುತ್ತದೆ.

ಬ್ಯಾಗು, ಒಗೆತ

ನಮ್ಮ ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆ.ಜಿ. ಮಿತಿ. ಗಾಲಿಯ ಗಟ್ಟಿ ಸೂಟ್‌ಕೇಸ್ ಖಾಲಿಯಿದ್ದಾಗಲೇ ಎರಡೂವರೆ ತೂಗುತ್ತದೆ. ಬೆನ್ನಿಗೆ ಹಾಕುವ ಬಟ್ಟೆಯ ಬ್ಯಾಗು 1.1. ಚಪ್ಪಲಿ, ಸೋಪು-ಪೇಸ್ಟು, ಚಾರ್ಜರ್, ಔಷಧಿ, ಒಂದಿಷ್ಟು ಅವಲಕ್ಕಿ-ಚಟ್ನಿಪುಡಿ ಸೇರಿ ಹೋಗುವಾಗ 6 ಕೆ.ಜಿ. ಹತ್ತಿರ ನಿಲ್ಲುತ್ತದೆ. ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿಡಿ. ಕವರಿನಿಂದ ಎಣ್ಣೆ ಜಿನುಗಿ ಕ್ರೇಪಿಗೆ ತಾಗಿದರೆ ನೀರು ಹಚ್ಚಬೇಡಿ, ಟಾಲ್ಕಂ ಪೌಡರ್ ಉದುರಿಸಿ ರಾತ್ರಿ ಬಿಟ್ಟು ಕೊಡವಿ. ವೆನಿಸ್‌ನ ಬಹುಪಾಲು ಸೇತುವೆಗಳಿಗೆ ಮೆಟ್ಟಿಲು. ಗಾಲಿ ಸೂಟ್‌ಕೇಸ್ ಅಲ್ಲಿ ಬರೀ ಹೊರೆ.

ಕಂಪ್ರೆಷನ್ ಕ್ಯೂಬ್‌ಗಳು (ಬಟ್ಟೆ ತುಂಬಿ ಜಿಪ್ ಎಳೆದು ಒತ್ತುವ ಚೀಲಗಳು) ಜಾಗ ಇಳಿಸುತ್ತವೆ, ತೂಕವನ್ನಲ್ಲ. ಇದನ್ನು ಮರೆತು ತುಂಬಿಸಿದರೆ ಮೊದಲು ಸೋಲುವುದು ಜಿಪ್. ಹಲ್ಲು ಮುರಿಯುವುದಿಲ್ಲ, ಓಡುವ ಗುಂಡಿಯ ಬಾಯಿ ಅಗಲವಾಗಿ ಹಿಂದೆ ಹಿಂದೆಯೇ ಬಿಚ್ಚಿಕೊಳ್ಳುತ್ತದೆ. ಇಕ್ಕಳದಲ್ಲಿ ಎರಡೂ ಬದಿ ಮೆಲ್ಲಗೆ ಒತ್ತಿದರೆ ಮತ್ತೆ ಹಿಡಿಯುತ್ತದೆ, ಜೋರಾಗಿ ಒತ್ತಿದರೆ ಮುರಿಯುತ್ತದೆ. ನಂಬರ್ 3 ಜಿಪ್ ಬಿಟ್ಟು ನಂಬರ್ 5 ಇರುವುದನ್ನು ಕೊಳ್ಳಿ. ಕ್ರೇಪ್, ಟೀಶರ್ಟು ಸುರುಳಿ ಸುತ್ತಿ. ಲಿನನ್ ಅಗಲವಾಗಿ ಮಡಚಿ ಎಲ್ಲಕ್ಕಿಂತ ಮೇಲೆ, ಕ್ಯೂಬಿನ ಹೊರಗೆ.

ಒಗೆಯಲು ಚಪ್ಪಟೆ ರಬ್ಬರ್ ಮುಚ್ಚಳ ಒಯ್ಯಿರಿ, ಬಹಳ ಸಿಂಕುಗಳ ಬಿರಡೆ ನಿಲ್ಲುವುದಿಲ್ಲ. ರೇಷ್ಮೆಗೆ, ಉಣ್ಣೆಗೆ ಈಜಿಯಂಥ ಮೃದು ಲಿಕ್ವಿಡ್ಡೇ ಆಗಬೇಕು. ಕಲೆ ತೆಗೆಯುವ ಪುಡಿಗಳಲ್ಲಿನ ಎಂಜೈಮು ಪ್ರೋಟೀನನ್ನು ತಿನ್ನುತ್ತದೆ, ರೇಷ್ಮೆ ಉಣ್ಣೆಗಳೆರಡೂ ಪ್ರೋಟೀನೇ. 100 ಮಿ.ಲೀ. ಬಾಟಲಿ ಎರಡು ವಾರಕ್ಕೆ ಮಿಕ್ಕುತ್ತದೆ. ತಣ್ಣೀರಲ್ಲಿ ಮೂರು ನಿಮಿಷ, ಎರಡು ಸಲ ಜಾಲಿಸಿ, ಹಿಂಡದೆ ಒಣ ಟವೆಲಿನ ಮೇಲೆ ಹರಡಿ ಸುತ್ತಿ, ಬರಿಗಾಲಲ್ಲಿ ಸುರುಳಿಯ ಉದ್ದಕ್ಕೂ ತುಳಿಯಿರಿ. ನೀರೆಲ್ಲ ಟವೆಲಿಗೆ ಹೋಗುತ್ತದೆ. ಕ್ರೇಪ್ ಆಮೇಲೆ ಮೂರು ತಾಸಿಗೆ ಒಣಗುತ್ತದೆ, ಲಿನನ್ ಶರ್ಟು ಆರಕ್ಕೆ, ಪ್ಯಾಂಟಿಗೆ ಇಡೀ ರಾತ್ರಿ. ಸ್ನಾನಕ್ಕೆ ಮೊದಲು ತುಳಿಯಬೇಡಿ, ಮೈ ಒರೆಸಲು ಟವೆಲ್ ಉಳಿಯುವುದಿಲ್ಲ.

ಹೊರಡುವ ತಿಂಗಳ ಮುಂಚೆ ಶೂ, ಪ್ಯಾಂಟು, ಕುರ್ತಾ, ತುಂಬಿದ ಬ್ಯಾಗು ಸಮೇತ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಒಮ್ಮೆ ಹತ್ತಿ ಇಳಿಯಿರಿ. ತೊಡೆ ಎಲ್ಲಿ ಉಜ್ಜುತ್ತದೆ, ಪಟ್ಟಿ ಎಲ್ಲಿ ಕೊರೆಯುತ್ತದೆ, ಹಿಮ್ಮಡಿ ಎಲ್ಲಿ ಬೊಬ್ಬೆ ಏಳುತ್ತದೆ ಎಂಬುದು ನಂದಿಯ ಹತ್ತಿರ ಬರುವುದರೊಳಗೆ ಗೊತ್ತಾಗಿರುತ್ತದೆ. ಟೈಲರಿಗೆ ವಾಪಸ್ ಕೊಡಲು ಆಗ ಇನ್ನೂ ಮೂರು ವಾರ ಕೈಯಲ್ಲಿರುತ್ತದೆ.